ತೋಟದ ಮದಕ ಒಡೆದರೆ ನೀರು ಯಾರ ಮನೆಗೆ? ಅಪಾಯದ ದರ್ಜೆ ನೀವೇ ಲೆಕ್ಕ ಹಾಕುವುದು ಹೇಗೆ

ಉಡುಪಿಯಿಂದ ಹಿರಿಯಡ್ಕ ದಾಟಿದ ಮೇಲೆ ನಮ್ಮದೊಂದು ಹಳೇ ಅಡಿಕೆ ತೋಟ ಉಂಟು. ತೋಟದ ನೆತ್ತಿಯ ಮೇಲೆ ಒಂದು ಮದಕ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಎರಡು ಗುಡ್ಡದ ನಡುವೆ ಅಡ್ಡಕ್ಕೆ ಮಣ್ಣಿನ ಏರಿ ಹಾಕಿ ಮಳೆನೀರು ನಿಲ್ಲಿಸಿದ್ದು. ಅಜ್ಜನ ಕಾಲದ್ದು. ಅದನ್ನು ಯಾರೂ ಅಣೆಕಟ್ಟು ಅಂತ ಕರೆದದ್ದಿಲ್ಲ. ಕೆಳಗಿನ ಬೈಲು ಗದ್ದೆ ಮಾರಾಟವಾಗಿ ಅಲ್ಲಿ ಎರಡು ಮನೆ ಎದ್ದ ಮೇಲೆ, ಹೊಸ ಮನೆಯವರು ಒಂದು ಸಂಜೆ ಬಂದು "ನಿಮ್ಮ ಮದಕ ಒಡೆದರೆ ನಮಗೆ ಎಂಥ ಆಗ್ತದೆ ಮಾರಾಯ್ರೇ?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಒಂದಿಡೀ ಮಳೆಗಾಲ ಟೇಪು, ಲೆವೆಲ್ ಪೈಪು ಹಿಡಿದು ತಿರುಗಿ, ಸಿವಿಲ್ ಎಂಜಿನಿಯರ್ ಗೆಳೆಯನೊಬ್ಬನ ತಲೆ ತಿಂದು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಅಪಾಯದ ದರ್ಜೆ ಅಂದರೆ ಏರಿ ಎಷ್ಟು ಗಟ್ಟಿ ಎನ್ನುವ ಲೆಕ್ಕ ಅಂತ ನಾನೂ ತಿಳಿದಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಡೆದೇ ಹೋಯಿತು ಅಂತ ಇಟ್ಟುಕೊಂಡರೆ ಕೆಳಗೆ ಏನಾಗುತ್ತದೆ ಎನ್ನುವುದಷ್ಟೇ ದರ್ಜೆ. ನಿನ್ನೆ ಕಟ್ಟಿದ ಭರ್ಜರಿ ಏರಿಯ ಕೆಳಗೆ ಒಂದು ಅಂಗನವಾಡಿ ಇದ್ದರೆ ಅದು ಹೆಚ್ಚು ಅಪಾಯದ ದರ್ಜೆ. ಬಿರುಕು ಬಿಟ್ಟ ಏರಿಯ ಕೆಳಗೆ ಬರೀ ನಿಮ್ಮದೇ ಗದ್ದೆ ಇದ್ದರೆ ಕಡಿಮೆ ದರ್ಜೆ. ನಮ್ಮ ಏರಿಯಲ್ಲಿ ಐವತ್ತು ವರ್ಷದಿಂದ ಒಂದು ಬುಟ್ಟಿ ಮಣ್ಣೂ ಬದಲಾಗಿಲ್ಲ, ಆದರೂ ದರ್ಜೆ ಎರಡು ಮೆಟ್ಟಿಲು ಏರಿತು. ಕಾರಣ ಕೆಳಗಿನ ಆ ಎರಡು ಮನೆ.

ಕಾನೂನು ಏನು ಹೇಳುತ್ತದೆ ನೋಡೋಣ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅದೇ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳೆಲ್ಲ ಅದರ ಲೆಕ್ಕಕ್ಕೆ ಬರುತ್ತವೆ. 10ರಿಂದ 15 ಮೀಟರ್ ಒಳಗಿನದ್ದಾದರೆ ಇನ್ನೊಂದು ಷರತ್ತು ಕೂಡಬೇಕು: ಏರಿಯ ಉದ್ದ 500 ಮೀಟರ್, ಅಥವಾ ನೀರಿನ ಸಂಗ್ರಹ 10 ಲಕ್ಷ ಘನ ಮೀಟರ್, ಅಥವಾ ಸೆಕೆಂಡಿಗೆ 2,000 ಘನ ಮೀಟರ್ ಪ್ರವಾಹ, ಇಲ್ಲವೇ ಕಷ್ಟದ ತಳಪಾಯ ಅಥವಾ ವಿಚಿತ್ರ ವಿನ್ಯಾಸ. ಎತ್ತರವನ್ನು ತಳಪಾಯದ ಅತಿ ಕೆಳಗಿನ ಭಾಗದಿಂದ ಅಳೆಯಬೇಕು, ಕಣ್ಣಿಗೆ ಕಾಣುವ ನೆಲದಿಂದಲ್ಲ. ನಮ್ಮಂಥವರ ನಾಲ್ಕು ಐದು ಮೀಟರಿನ ಮದಕ ಈ ಯಾವುದಕ್ಕೂ ತಾಗುವುದಿಲ್ಲ. ಅಂದರೆ ಈ ಕಾಯ್ದೆಯಡಿ ನಿಮ್ಮ ಏರಿ ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ, ನೋಡುವವರು ನೀವೇ. ಹಾಂ, ಪಹಣಿ ಮತ್ತು ನಕ್ಷೆ ಒಮ್ಮೆ ತೆಗೆದು ನೋಡಿ. ನಮ್ಮದು ಅಂತ ತಲೆಮಾರಿನಿಂದ ತಿಳಿದ ಮದಕ ಸರ್ಕಾರಿ ಜಾಗದಲ್ಲೋ ತೋಡು (ಸಣ್ಣ ಹಳ್ಳ) ಪರಂಬೋಕಿನಲ್ಲೋ ಇರಬಹುದು, ಹಾಗಿದ್ದರೆ ಒಂದು ಗುದ್ದಲಿ ಹಾಕುವ ಮೊದಲೂ ಪಂಚಾಯತಿಯಲ್ಲಿ ಕೇಳಬೇಕು.

ಈಗ ಅಳತೆಗೆ ಬನ್ನಿ. ಬೇಕಾದದ್ದು ಎರಡೇ: ನೀರಿನ ಹರವು ಮತ್ತು ಆಳ. ಮದಕ ತುಂಬಿ ಕೋಡಿ ಹರಿಯುವಾಗ ನೀರು ಎಷ್ಟು ಸೆಂಟ್ಸ್ ಜಾಗದಲ್ಲಿ ನಿಲ್ಲುತ್ತದೆ ನೋಡಿ. ಮೊಬೈಲಿನ ಮ್ಯಾಪಿನಲ್ಲಿ ಸುತ್ತ ಗೆರೆ ಎಳೆದರೂ ಸಾಕು. ಆಳವನ್ನು ಬೇಸಿಗೆಯಲ್ಲಿ ಮದಕ ಬತ್ತಿದಾಗ ಅಳೆಯಿರಿ, ಏರಿ ಹತ್ತಿರದ ಅತಿ ತಗ್ಗಿನಿಂದ ಕೋಡಿಯ ಮಟ್ಟದವರೆಗೆ. ಹರವನ್ನು ಆಳದಿಂದ ಗುಣಿಸಿ, ಬಂದದ್ದನ್ನು 0.4ರಿಂದ ಗುಣಿಸಿ. ಹೊಂಡದ ತಳ ಬಟ್ಟಲಿನ ಹಾಗೆ ಇರುವುದರಿಂದ ಈ 0.4. ನಮ್ಮದು 50 ಸೆಂಟ್ಸ್, ಅಂದರೆ ಸುಮಾರು 2,020 ಚದರ ಮೀಟರ್. ಆಳ 4 ಮೀಟರ್. ಲೆಕ್ಕ ಹಾಕಿದರೆ 3,200 ಘನ ಮೀಟರ್ ಚಿಲ್ಲರೆ, 32 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ 320 ಸಾಲಾಗಿ ನಿಲ್ಲಿಸಿದ ಹಾಗೆ. ಇದನ್ನು ಹೇಳಿದಾಗ ನನ್ನ ಮಾವ "ಸುಮ್ನೆ ಹೆದರಿಸಬೇಡ" ಅಂದರು.

ಆದರೆ ಹೆದರಬೇಕಾದದ್ದು ನೀರು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಹೊರಗೆ ಬರುತ್ತದೆ ಎನ್ನುವುದಕ್ಕೆ. ಮಣ್ಣಿನ ಏರಿ ಒಡೆದಾಗ ನೀರಿನ ಗರಿಷ್ಠ ರಭಸ ಎಷ್ಟಿರಬಹುದು ಅಂತ ಅಂದಾಜು ಮಾಡಲು ಫ್ರೋಲಿಕ್ ಎಂಬವರು 1995ರಲ್ಲಿ ಒಂದು ಸೂತ್ರ ಕೊಟ್ಟಿದ್ದಾರೆ. ನೀರಿನ ಪ್ರಮಾಣಕ್ಕೆ 0.295 ಘಾತ, ಎತ್ತರಕ್ಕೆ 1.24 ಘಾತ, ಎರಡನ್ನೂ ಗುಣಿಸಿ ಮತ್ತೆ 0.607ರಿಂದ ಗುಣಿಸುವುದು. ಮೊಬೈಲಿನ ಕ್ಯಾಲ್ಕುಲೇಟರನ್ನು ಅಡ್ಡ ಹಿಡಿದರೆ ಘಾತದ ಗುಂಡಿ ಸಿಗುತ್ತದೆ. ನಮ್ಮ 3,200 ಘನ ಮೀಟರಿಗೂ 4 ಮೀಟರಿಗೂ ಬಂದ ಉತ್ತರ ಸೆಕೆಂಡಿಗೆ 36 ಘನ ಮೀಟರ್ ಚಿಲ್ಲರೆ. ಆ ರಭಸದಲ್ಲಿ ಇಡೀ ಮದಕ ಖಾಲಿಯಾಗಲು ಕೆಲವೇ ನಿಮಿಷ ಸಾಕು. ಇದು ಬರೀ ಅಂದಾಜು, ಸರಿ. ಆದರೆ ಗೆರೆ ಎಲ್ಲಿ ಎಳೆಯಬೇಕು ಅಂತ ತಿಳಿಯಲು ಇಷ್ಟು ಸಾಕು.

ಇನ್ನು ನಡೆಯುವುದು. ಈ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಏರಿಯ ಬುಡದಿಂದ ಹೊರಟು ತೋಡಿನ ಜೊತೆಗೇ ಕೆಳಗೆ ನಡೆಯಿರಿ, ಹೊಳೆ ಸೇರುವವರೆಗೆ ಅಥವಾ ಬೈಲು ಚೆನ್ನಾಗಿ ಅಗಲವಾಗುವವರೆಗೆ. ಪುಸ್ತಕವೊಂದು ಕೈಯಲ್ಲಿರಲಿ. ಕಣಿವೆ ಕಿರಿದಾಗಿರುವಲ್ಲಿ ನಿಂತು ಅಗಲ ಬರೆದುಕೊಳ್ಳಿ. 36 ಘನ ಮೀಟರ್ ನೀರು 30 ಮೀಟರ್ ಅಗಲದ ಬೈಲಿನಲ್ಲಿ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೋದರೆ ಎರಡು ಅಡಿ ಎತ್ತರ ಬರುತ್ತದೆ. ಅದೇ ನೀರು 10 ಮೀಟರಿನ ಇಕ್ಕಟ್ಟಿನಲ್ಲಿ 3 ಮೀಟರ್ ವೇಗದಲ್ಲಿ ನುಗ್ಗಿದರೆ ನಾಲ್ಕು ಅಡಿ. ಇದರ ಮೇಲೆ ಮಳೆಗಾಲದಲ್ಲಿ ತೋಡಿನಲ್ಲಿ ಮೊದಲೇ ಇರುವ ನೀರನ್ನೂ ಕೂಡಿಸಿ. ಮೊಣಕಾಲು ಮಟ್ಟದ ಓಡುವ ನೀರೇ ದೊಡ್ಡವರನ್ನು ಬೀಳಿಸುತ್ತದೆ, ಮಕ್ಕಳ ಮಾತು ಬೇಡ. ಹಾಗಾಗಿ ತೋಡಿನ ದಂಡೆಯಿಂದ ಆರು ಅಡಿಗಿಂತ ಕಡಿಮೆ ಎತ್ತರದಲ್ಲಿ ನೆಲ ಇರುವ ಪ್ರತಿ ಮನೆಯನ್ನೂ ನಾನು ಪಟ್ಟಿಗೆ ಸೇರಿಸಿದೆ. ಮನೆ ಮಾತ್ರ ಸಾಲದು. ತೋಟದ ಕೆಲಸಗಾರರು ಮಲಗುವ ಶೆಡ್ಡು, ಬಾಡಿಗೆ ಕೋಣೆ, ಭಜನಾ ಮಂದಿರ, ಶಾಲೆ ಮಕ್ಕಳು ದಾಟುವ ಕಾಲುಸಂಕ, ಬಸ್ಸು ಓಡುವ ರಸ್ತೆಯ ಮೋರಿ, ಟ್ರಾನ್ಸ್‌ಫಾರ್ಮರ್, ಊರಿಗೆ ನೀರು ಕೊಡುವ ಪಂಚಾಯತಿ ಬಾವಿ. ಇನ್ನೊಂದು, ಕೆಳಗೆ ಬೇರೆಯವರ ಮದಕ ಇದೆಯಾ ನೋಡಿ. ನಿಮ್ಮದು ಒಡೆದರೆ ಅದೂ ಒಡೆಯುತ್ತದೆ, ಅದರ ಕೆಳಗಿನ ಮನೆಗಳೂ ನಿಮ್ಮ ಲೆಕ್ಕಕ್ಕೇ ಬರುತ್ತವೆ.

ಪಟ್ಟಿ ಕೈಗೆ ಬಂದ ಮೇಲೆ ದರ್ಜೆ ಹಾಕುವುದು ಸುಲಭ. ಅಮೆರಿಕದಲ್ಲಿ ಬಳಸುವ ಮೂರು ಮೆಟ್ಟಿಲಿನ ಕ್ರಮ ನಮ್ಮಂಥವರಿಗೆ ಚೆನ್ನಾಗಿ ಹೊಂದುತ್ತದೆ. ಒಡೆದರೆ ಪ್ರಾಣಕ್ಕೆ ಅಪಾಯ ಇಲ್ಲ, ನಷ್ಟ ಹೆಚ್ಚಾಗಿ ನಿಮ್ಮದೇ ಜಾಗದ್ದು ಅಂತಾದರೆ ಕಡಿಮೆ. ಪ್ರಾಣ ಹೋಗುವ ಸಂಭವ ಇಲ್ಲ, ಆದರೆ ರಸ್ತೆ, ವಿದ್ಯುತ್, ಬೇರೆಯವರ ತೋಟಕ್ಕೆ ದೊಡ್ಡ ಪೆಟ್ಟು ಬೀಳುತ್ತದೆ ಅಂದರೆ ನಡುವಿನದ್ದು. ಒಬ್ಬರ ಜೀವ ಹೋಗುವ ಸಂಭವ ಇದ್ದರೂ ಹೆಚ್ಚು. ಹೌದು, ಒಬ್ಬರದ್ದೇ. ನಮ್ಮಲ್ಲೂ ಕೇಂದ್ರ ಜಲ ಆಯೋಗ 2020ರಲ್ಲಿ ಅಣೆಕಟ್ಟುಗಳ ಅಪಾಯದ ದರ್ಜೆಗೆ ಮಾರ್ಗಸೂಚಿ ತಂದಿದೆ, ಅದು ದೊಡ್ಡ ಅಣೆಕಟ್ಟುಗಳ ಮಟ್ಟದ ಲೆಕ್ಕಾಚಾರ. ಸಂಶಯ ಬಂದರೆ ಮೇಲಿನ ದರ್ಜೆಯನ್ನೇ ಬರೆಯಿರಿ. ಮತ್ತೆ ಲೆಕ್ಕ ಹಾಕುವಾಗ ಮಧ್ಯಾಹ್ನ ಎರಡು ಗಂಟೆ ಅಂತ ಇಟ್ಟುಕೊಳ್ಳಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಮಧ್ಯರಾತ್ರಿ, ಕರೆಂಟಿಲ್ಲ, ಮಳೆ ಸದ್ದಿಗೆ ಪಕ್ಕದ ಮನೆಯ ಕೂಗೂ ಕೇಳುವುದಿಲ್ಲ, ಅಂಥ ಹೊತ್ತು ಅಂತ ಇಟ್ಟುಕೊಳ್ಳಿ.

ದರ್ಜೆ ತಪ್ಪಾದರೆ ಏನಾಗುತ್ತದೆ ಎನ್ನುವುದಕ್ಕೆ ಹವಾಯಿಯ ಕಾಲೊಕೊ ಒಂದೇ ಸಾಕು. 1890ರ ಸುಮಾರಿಗೆ ಕಬ್ಬಿನ ತೋಟಕ್ಕೆ ಕಟ್ಟಿದ ಮಣ್ಣಿನ ಏರಿ, ಖಾಸಗಿಯವರದ್ದು. ಕಾಗದದಲ್ಲಿ ಅದು ಕಡಿಮೆ ಅಪಾಯದ ದರ್ಜೆ. 2006ರ ಮಾರ್ಚ್ 14ರಂದು, ವಾರಗಟ್ಟಲೆ ಮಳೆ ಸುರಿದ ಮೇಲೆ, ಬೆಳಗಾಗುವ ಮೊದಲೇ ಒಡೆಯಿತು. ಏಳು ಜನ ಹೋದರು. ಕೋಡಿಯನ್ನು ಮಣ್ಣು ಹಾಕಿ ಮುಚ್ಚಿದ್ದರು ಎನ್ನುವ ವಿಷಯವೇ ಆಮೇಲೆ ತನಿಖೆಯಲ್ಲೂ ಕೋರ್ಟಿನಲ್ಲೂ ದೊಡ್ಡದಾಯಿತು.

ಕೋಡಿ ಅಂದಾಗ ನನಗೆ ನಾಚಿಕೆಯಾಗುತ್ತದೆ. ನಮ್ಮ ಮನೆಯಲ್ಲೂ ಸೆಪ್ಟೆಂಬರ್ ಬಂತು ಅಂದರೆ ಕೋಡಿಗೆ ಮರಳಿನ ಚೀಲ ಇಟ್ಟು ಒಂದಡಿ ನೀರು ಜಾಸ್ತಿ ನಿಲ್ಲಿಸುವ ಅಭ್ಯಾಸ ಇತ್ತು, ಬೇಸಿಗೆಯಲ್ಲಿ ಅಡಿಕೆಗೆ ಹದಿನೈದು ದಿನ ನೀರು ಹೆಚ್ಚು ಸಿಗಲಿ ಅಂತ. ಮಳೆ ಮುಗಿಯಿತು ಅಂತ ನಾವು ತಿಳಿಯುವುದೇ ತಪ್ಪು. 2020ರಲ್ಲಿ ಸೆಪ್ಟೆಂಬರ್ ಮೂರನೇ ವಾರದಲ್ಲಿ ಅಲ್ವಾ ಉಡುಪಿ ಮುಳುಗಿದ್ದು? ಮಣ್ಣಿನ ಏರಿಯ ಮೇಲಿಂದ ನೀರು ಹರಿಯಲೇಬಾರದು. ಒಮ್ಮೆ ಹರಿಯಲು ಶುರುವಾದರೆ ಹೊರಮೈ ಮಣ್ಣು ಕೊರೆಯುತ್ತಾ ಹಿಂದಕ್ಕೆ ಬಂದು ಏರಿಯನ್ನೇ ಸೀಳುತ್ತದೆ. ನಿಮ್ಮದು ಹೆಚ್ಚು ಅಪಾಯದ ದರ್ಜೆಯಾದರೆ ಇವತ್ತೇ ಚೀಲ ತೆಗೆಯಿರಿ.

ಕೋಡಿ ಎಷ್ಟು ಅಗಲ ಬೇಕು? ಮದಕಕ್ಕೆ ನೀರು ಬಂದು ಬೀಳುವ ಗುಡ್ಡದ ಜಾಗ ಅಳೆಯಿರಿ. ನಮ್ಮದು ಹತ್ತು ಎಕರೆ, ಅಂದರೆ 4 ಹೆಕ್ಟೇರ್ ಚಿಲ್ಲರೆ. ಗಂಟೆಗೆ 100 ಮಿ.ಮೀ. ಮಳೆ ಅಂತ ಇಟ್ಟುಕೊಳ್ಳಿ. ಹವಾಮಾನ ಇಲಾಖೆ ಮೇಘಸ್ಫೋಟ ಅನ್ನುವುದು ಈ ಮಟ್ಟದ ಮಳೆಯನ್ನೇ. ಜುಲೈಯಲ್ಲಿ ಗುಡ್ಡ ನೀರು ಕುಡಿದು ತುಂಬಿರುವಾಗ ಬಿದ್ದದ್ದರಲ್ಲಿ ಹತ್ತರಲ್ಲಿ ಎಂಟು ಪಾಲು ಹರಿದೇ ಬರುತ್ತದೆ ಅಂತ ಹಿಡಿದರೆ ಸೆಕೆಂಡಿಗೆ 900 ಲೀಟರ್. ಕೋಡಿಯ ಮೇಲೆ ಒಂದಡಿ ಎತ್ತರಕ್ಕೆ ನೀರು ಹರಿದರೆ ಪ್ರತಿ ಮೀಟರ್ ಅಗಲಕ್ಕೆ ಸುಮಾರು 280 ಲೀಟರ್ ಹೊರಗೆ ಹೋಗುತ್ತದೆ. ಅಂದರೆ 3.2 ಮೀಟರ್, ಹತ್ತೂವರೆ ಅಡಿ ಅಗಲದ ಕೋಡಿ ಬೇಕು. ಎಷ್ಟೋ ಕಡೆ ಕೋಡಿಯ ಬದಲು ಏರಿಯಲ್ಲಿ ಆರಿಂಚಿನ ಪಿವಿಸಿ ಪೈಪು ತೂರಿಸಿ ಇಟ್ಟಿರುತ್ತಾರೆ. ಒಂದು ಮೀಟರ್ ನೀರಿನ ಒತ್ತಡ ಇದ್ದರೂ ಆ ಪೈಪಿನಲ್ಲಿ ಹೋಗುವುದು ಹೆಚ್ಚೆಂದರೆ 50 ಲೀಟರ್. ಹದಿನೆಂಟು ಪೈಪು ಬೇಕಾದಲ್ಲಿ ಒಂದು! ಸಾಲದ್ದಕ್ಕೆ ಪೈಪಿನ ಹೊರಮೈಗೂ ಮಣ್ಣಿಗೂ ಸರಿಯಾಗಿ ಕೂರದೆ ಅದರ ಗುಂಟ ನೀರು ದಾರಿ ಮಾಡಿಕೊಳ್ಳುತ್ತದೆ.

ಕೋಡಿಯನ್ನು ಏರಿಯ ಮಧ್ಯೆ ಕಡಿಯಬೇಡಿ. ಏರಿ ಗುಡ್ಡಕ್ಕೆ ಸೇರುವ ತುದಿಯಲ್ಲಿ, ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಸಿಗುವಲ್ಲಿ ಮಾಡಿ, ಬಿದ್ದ ನೀರು ಏರಿಯ ಬುಡಕ್ಕೆ ತಿರುಗದ ಹಾಗೆ ಕಣಿ ತೆಗೆಯಿರಿ. ಕೋಡಿ ಮಟ್ಟಕ್ಕೂ ಏರಿಯ ನೆತ್ತಿಗೂ ಕನಿಷ್ಠ ಮೂರಡಿ ಅಂತರ ಇರಲಿ. ಇದನ್ನು ಕಣ್ಣಳತೆಯಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಮೇಸ್ತ್ರಿಗಳ ಹತ್ತಿರ ಇರುವ ಪಾರದರ್ಶಕ ಲೆವೆಲ್ ಪೈಪು ತಂದು ಏರಿಯುದ್ದಕ್ಕೂ ಹತ್ತು ಹೆಜ್ಜೆಗೊಮ್ಮೆ ಮಟ್ಟ ನೋಡಿ. ನಮ್ಮಲ್ಲಿ ಜನ, ದನ, ಕಡೆಗೆ ಪಿಕಪ್ಪೂ ದಾಟಿ ದಾಟಿ ಒಂದು ಕಡೆ ಏರಿ ಒಂದೂಕಾಲು ಅಡಿ ಕೂತಿತ್ತು. ನೀರಿಗೆ ಆ ಒಂದು ಜಾಗ ಸಾಕಲ್ಲ.

ಇನ್ನೊಂದು ಸಾವು ಒಳಗಿನಿಂದ ಬರುವುದು, ಸೋರಿಕೆ. ಮಣ್ಣಿನ ಏರಿ ಸ್ವಲ್ಪ ಒಸರುವುದು ತಪ್ಪಲ್ಲ. ನೋಡಬೇಕಾದದ್ದು ಬಣ್ಣ. ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಇಡಿ. ತಳದಲ್ಲಿ ಮಣ್ಣು ಕೂತರೆ ಏರಿ ಒಳಗಿಂದ ಕರಗುತ್ತಿದೆ ಅಂತ ಅರ್ಥ. ನಮ್ಮ ಕಡೆ ಇದರಲ್ಲಿ ಒಂದು ಕಷ್ಟ ಉಂಟು: ಜುಲೈಯಲ್ಲಿ ಗುಡ್ಡವಿಡೀ ಒಸರು, ಯಾವುದು ಮದಕದ್ದು ಯಾವುದು ಗುಡ್ಡದ್ದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಅದಕ್ಕೆ ನವೆಂಬರ್‌ನಲ್ಲಿ ನೋಡಿ. ಆಗ ಗುಡ್ಡದ ಒಸರು ಇಳಿಯುತ್ತಾ ಬರುತ್ತದೆ, ಮದಕ ಇನ್ನೂ ತುಂಬಿರುತ್ತದೆ. ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಅಂತ ವಾರಕ್ಕೊಮ್ಮೆ ಬರೆದಿಡಿ. ಮದಕದ ನೀರು ಇಳಿದ ಹಾಗೆ ಅದೂ ಇಳಿದರೆ ಅದು ಏರಿಯದ್ದೇ.

ಬಿಲಗಳನ್ನು ಹಗುರವಾಗಿ ನೋಡಬೇಡಿ. 2019ರ ಜುಲೈಯಲ್ಲಿ ರತ್ನಾಗಿರಿ ಜಿಲ್ಲೆಯ ತಿವರೆ ಅಣೆಕಟ್ಟು ರಾತ್ರಿ ಒಡೆದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಆಗ ಮಹಾರಾಷ್ಟ್ರದ ಸಚಿವರೊಬ್ಬರು ಏಡಿಗಳು ಕೊರೆದದ್ದೇ ಕಾರಣ ಅಂದು ನಗೆಪಾಟಲಾದರು. ಸೋರುತ್ತಿದೆ ಅಂತ ಊರವರು ಮೊದಲೇ ದೂರು ಕೊಟ್ಟಿದ್ದಾಗ ಏಡಿಯ ಮೇಲೆ ಹಾಕಿದ್ದಕ್ಕೆ ಜನ ಸಿಟ್ಟಾದದ್ದು ಸರಿಯೇ. ಆದರೆ ಏಡಿ, ಹೆಗ್ಗಣ, ಮುಳ್ಳುಹಂದಿ ಕೊರೆದ ಬಿಲ ಸಣ್ಣ ಏರಿಗೆ ನಿಜಕ್ಕೂ ಕೇಡು, ಗದ್ದೆಯ ಹುಣಿಯಲ್ಲಿ (ಬದುವಿನಲ್ಲಿ) ಏಡಿ ತೂತು ಎಂಥ ಮಾಡುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಲವನ್ನು ಅಗೆದು ತೆಗೆದು, ಒದ್ದೆ ಮಣ್ಣನ್ನು ಅರ್ಧ ಅಡಿ ಪದರದಲ್ಲಿ ಹಾಕಿ ದಿಮ್ಮಿಸಿ ತುಂಬಬೇಕು. ಬಾಯಿಗೆ ಮಾತ್ರ ಸಿಮೆಂಟ್ ಮೆತ್ತಿದರೆ ಏನೂ ಆಗುವುದಿಲ್ಲ. ಗೆದ್ದಲಿನ ಹುತ್ತದ್ದು ಬೇರೆಯೇ ಕತೆ. ಒಳಗೆ ಟೊಳ್ಳಾಗಿರುತ್ತದೆ, ಆದರೆ ಹುತ್ತಕ್ಕೆ ಹಾರೆ ಹಾಕಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ. ನಾಗನ ವಿಷಯ. ನಾವು ತಂತ್ರಿಗಳ ಹತ್ತಿರ ಕೇಳಿ, ಅವರು ಹೇಳಿದ ಹಾಗೆ ಮಾಡಿಯೇ ತೆಗೆದದ್ದು, ಒಂದು ವರ್ಷ ತಡವಾಯಿತು. ಹಾಗಾಗಿ ಗೇಣುದ್ದ ಇರುವಾಗಲೇ ನೋಡಿಕೊಳ್ಳಿ.

ಏರಿ ಮೇಲೆ ಮರ ಬೇಡ. ತೆಂಗೂ ಬೇಡ, ಅಕೇಶಿಯಾ ಅಂತೂ ಬೇಡವೇ ಬೇಡ. ಗಾಳಿಗೆ ಬಿದ್ದರೆ ಬುಡದ ಜೊತೆ ಏರಿಯ ಒಂದು ತುಂಡು ಎದ್ದು ಬರುತ್ತದೆ, ಕಡಿದರೆ ಬೇರು ಕೊಳೆತು ಕೊಳವೆಯಾಗುತ್ತದೆ. ಹುಲ್ಲು ಇರಲಿ, ಮಳೆಗಾಲಕ್ಕೆ ಮೊದಲು ಕತ್ತರಿಸಿ, ಇಲ್ಲದಿದ್ದರೆ ಬಿಲವೂ ಕಾಣುವುದಿಲ್ಲ, ಬಿರುಕೂ ಕಾಣುವುದಿಲ್ಲ.

ಮಣ್ಣಿನ ವಿಷಯ. ಏರಿ ಎತ್ತರಿಸಲು ಜೆಸಿಬಿಯವರು ಹತ್ತಿರದ ಗುಡ್ಡ ಕೆರೆದು ಬಿಳಿ ಗುಲಾಬಿ ಬಣ್ಣದ ನುಣುಪು ಮಣ್ಣು ತಂದು ಸುರಿದರೆ ಕೈ ಅಡ್ಡ ಹಿಡಿಯಿರಿ. ಅದು ಮುರಕಲ್ಲಿನ ಅಡಿಯಲ್ಲಿ ಸಿಗುವ ಶೇಡಿ ಮಣ್ಣು. ಒಣಗಿದಾಗ ಕಲ್ಲಿನ ಹಾಗೆ, ನೀರು ಕುಡಿದರೆ ಬಲ ಕಳೆದುಕೊಂಡು ಕೊಚ್ಚಿ ಹೋಗುತ್ತದೆ. ದೊಡ್ಡ ಕೆಲಸವಾದರೆ ಮಣ್ಣನ್ನು ಲ್ಯಾಬಿಗೆ ಕೊಡಿ, ಸುರತ್ಕಲ್ಲಿನ ಎನ್‌ಐಟಿಕೆಯಂಥ ಕಾಲೇಜುಗಳಲ್ಲಿ ಆ ವ್ಯವಸ್ಥೆ ಇದೆ. ಸಣ್ಣ ಮಣ್ಣಿನ ಅಣೆಕಟ್ಟಿನ ವಿನ್ಯಾಸಕ್ಕೆ ಭಾರತೀಯ ಮಾನಕ ಬ್ಯೂರೋದ ಐಎಸ್ 12169 ಅಂತ ಒಂದು ಮಾನಕ ಇದೆ, 1987ರದ್ದು. ನೀವು ಕರೆಸುವ ಎಂಜಿನಿಯರಿಗೆ ಆ ಸಂಖ್ಯೆ ಹೇಳಿ. ಮುಖ ನೋಡಿದರೆ ಅವರು ಮಣ್ಣಿನ ಕೆಲಸ ಮಾಡಿದವರೋ ಬರೀ ಮನೆ ಕಟ್ಟಿದವರೋ ಅಂತ ಗೊತ್ತಾಗುತ್ತದೆ.

ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ, ಫೋಟೋ ತೆಗೆದಿಡಿ. ಇದಕ್ಕೊಂದು ಹಳೇ ಕಾರಣ ಇದೆ. ಇಂಗ್ಲೆಂಡಿನಲ್ಲಿ ಒಬ್ಬ ಗಿರಣಿ ಮಾಲೀಕ ಕಟ್ಟಿಸಿದ ಜಲಾಶಯದ ನೀರು ಪಕ್ಕದವನ ಗಣಿಗೆ ನುಗ್ಗಿತ್ತು. ಆ ಮೊಕದ್ದಮೆಯಲ್ಲಿ 1868ರಲ್ಲಿ ಬಂದ ತೀರ್ಪು, ತಪ್ಪು ಇರಲಿ ಇಲ್ಲದಿರಲಿ, ನೀರು ಕೂಡಿಟ್ಟವನೇ ಹೊಣೆ ಅಂದಿತು. ಕೆರೆಗಳು ಒಡೆದು ರೈಲು ದಾರಿ ಹಾಳಾಯಿತು ಅಂತ ಮದ್ರಾಸ್ ರೈಲ್ವೆ ಕಂಪನಿ ಕಾರ್ವೇಟಿನಗರದ ಜಮೀನ್ದಾರರ ಮೇಲೆ ಹೂಡಿದ ದಾವೆಯಲ್ಲಿ, 1874ರಲ್ಲಿ ಪ್ರಿವಿ ಕೌನ್ಸಿಲ್ (ಬ್ರಿಟಿಷರ ಕಾಲದಲ್ಲಿ ನಮ್ಮ ಕೊನೆಯ ಮೇಲ್ಮನವಿ ಕೋರ್ಟು) ಬೇರೆ ಮಾತು ಹೇಳಿತು: ಈ ದೇಶದಲ್ಲಿ ಕೆರೆ ಕಾಯುವುದು ಪರಂಪರೆಯ ಕರ್ತವ್ಯ, ನಿರ್ಲಕ್ಷ್ಯ ಇಲ್ಲದಿದ್ದರೆ ಹೊಣೆ ಇಲ್ಲ. ಆದರೆ ಆ ಕೆರೆಗಳು ಊರಿನ ಬೆಳೆಗೆ ನೀರು ಕೊಡುತ್ತಿದ್ದವು, ನಮ್ಮದು ನಮ್ಮ ಅಡಿಕೆಗೆ. ಇವತ್ತು ಯಾವ ಕಡೆಗೆ ತೂಗುತ್ತದೆ ಅಂತ ವಕೀಲರನ್ನು ಕೇಳಿ. ನಿರ್ಲಕ್ಷ್ಯ ಮಾಡಲಿಲ್ಲ ಅಂತ ತೋರಿಸಲು ಆ ನೋಟ್‌ಪುಸ್ತಕ ಬಿಟ್ಟರೆ ನನ್ನ ಹತ್ತಿರ ಬೇರೆ ಏನೂ ಇಲ್ಲ.

ರಿಪೇರಿ ಕೆಲಸ ಇದ್ದರೆ ಪತ್ತನಾಜೆಯ (ಮೇ ಕೊನೆಯ ಹೊತ್ತಿಗೆ ಬರುವ ತುಳುವರ ದಿನ) ಒಳಗೆ ಮುಗಿಸಿ, ಹಸಿ ಮಣ್ಣಿನ ಮೇಲೆ ಜೂನ್ ಮಳೆ ಬೀಳುವ ಹಾಗೆ ಮಾಡಬೇಡಿ. ಕಡಿಮೆ ದರ್ಜೆಯದ್ದಾದರೆ ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ನೋಡಿದರೆ ನಡೆಯುತ್ತದೆ. ಹೆಚ್ಚು ದರ್ಜೆಯದ್ದಾದರೆ ಮಳೆಗಾಲದಲ್ಲಿ ವಾರಕ್ಕೊಮ್ಮೆ, ರೆಡ್ ಅಲರ್ಟ್ ಇದ್ದ ದಿನ ಬೆಳಗ್ಗೆ ಸಂಜೆ ಎರಡೂ ಹೊತ್ತು.

ಒಂದು ದಿನ ಕೆಂಪು ನೀರು ಬರುವುದು ಕಂಡರೆ? ಮೊದಲು ಕೆಳಗಿನ ಮನೆಗಳಿಗೆ ಫೋನು, ಆಮೇಲೆ 112 ಮತ್ತು ಜಿಲ್ಲಾ ನಿಯಂತ್ರಣ ಕೊಠಡಿಯ 1077. ಆಮೇಲೆ ಏರಿ. ಸೋರುವ ಬಾಯಿಗೆ ಜೇಡಿಮಣ್ಣು ತುರುಕಬೇಡಿ, ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಅದರ ಮೇಲೆ ದಪ್ಪ ಹೊಯ್ಗೆ (ಮರಳು), ಹೊಯ್ಗೆಯ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದೊಡ್ಡ ಜಲ್ಲಿ ಹಾಕಿ. ನೀರು ಹೋಗಬೇಕು, ಮಣ್ಣು ಹೋಗಬಾರದು. ಜೊತೆಗೇ ಪಂಪು, ಸೈಫನ್ ಪೈಪು, ಏನಿದೆಯೋ ಅದರಲ್ಲಿ ಮದಕದ ನೀರು ಇಳಿಸಿ. ಏರಿ ಕಡಿಯಬೇಡಿ. ಮಾಮೂಲಿ ದಿನಗಳಲ್ಲಿ ಇಳಿಸುವುದಾದರೆ ಮಾತ್ರ ನಿಧಾನ, ದಿನಕ್ಕೆ ಒಂದಡಿ, ಇಲ್ಲದಿದ್ದರೆ ಒಳಮೈಯ ಒದ್ದೆ ಮಣ್ಣು ಜಾರಿ ಕೂರುತ್ತದೆ. ಒಂದು ಲೋಡು ಹೊಯ್ಗೆ, ಒಂದು ಲೋಡು ಜಲ್ಲಿ ಏರಿಯ ಹತ್ತಿರವೇ ಟಾರ್ಪಾಲು ಮುಚ್ಚಿ ಇಟ್ಟಿರಿ, ಮಳೆಗಾಲದ ರಾತ್ರಿ ಟಿಪ್ಪರ್ ಬರುವುದಿಲ್ಲ.

ಕೆಳಗಿನ ಎರಡು ಮನೆಯವರಿಗೂ ನಾನು ಲೆಕ್ಕ ತೋರಿಸಿದೆ. ಯಾವ ಕಡೆಯ ಗುಡ್ಡ ಹತ್ತಬೇಕು ಅಂತ ಒಟ್ಟಿಗೆ ನಡೆದು ನೋಡಿದೆವು. ಮದಕದಲ್ಲಿ ಅಡಿಗೊಂದು ಗೆರೆ ಬರೆದ ಕಂಬ ನೆಟ್ಟು, ಕೋಡಿಯ ಮೇಲೆ ಒಂದಡಿಯ ಗೆರೆಗೆ ಕೆಂಪು ಬಣ್ಣ ಹಾಕಿದ್ದೇನೆ. ಅವರ ಮನೆಯ ಹುಡುಗ ಕಾಲೇಜಿಗೆ ಹೋಗುವಾಗ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡುತ್ತಾನೆ.